ಹತ್ತಂಕಿಯನ್ನು ಎರಡು ಸಲ ಬರೆದಾಗ

ನಾನು ನಿಂತಿದ್ದು ಗುಂಡ್ಲುಪೇಟೆಯ ಒಂದು ಪ್ರೌಢಶಾಲೆಯಲ್ಲಿ, ಒಂಬತ್ತನೇ ತರಗತಿಯ ಕಪ್ಪುಹಲಗೆಯ ಎಡಕ್ಕೆ, ಕಿಟಕಿಯಿಂದ ಎರಡು ಹೆಜ್ಜೆ ದೂರ. ಮೂರು ವರ್ಷದ ಹಿಂದಿನ ಜೂನ್, ಸೋಮವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ನನಗೆ ಚಾಮರಾಜನಗರಕ್ಕೆ ವರ್ಗವಾಗಿತ್ತು. ನನ್ನ ಜಾಗಕ್ಕೆ ಗಣಿತದ ಅತಿಥಿ ಶಿಕ್ಷಕರೊಬ್ಬರನ್ನು ಆರಿಸಬೇಕಿತ್ತು. ಆರಿಸುವವರು ಮೂವರು: ಮುಖ್ಯೋಪಾಧ್ಯಾಯರು, ಶಾಲಾ ಸಮಿತಿಯ ಸದಸ್ಯರಾಗಿದ್ದ ಬೇಗೂರಿನ ಈರುಳ್ಳಿ ಬೆಳೆಗಾರರು, ನಾನು. ಬಿಸಿಯೂಟದ ಅಡುಗೆಯಾಕೆ ಟೀ ತಟ್ಟೆ ಹಿಡಿದು ಬಾಗಿಲಲ್ಲಿದ್ದರು.

ಅರ್ಜಿ ಹಾಕಿದವರು ಇಬ್ಬರು. ಮೊದಲು ಒಳಗೆ ಬಂದಾಕೆಯೂ ಬೇಗೂರಿನವರೇ. ಅದನ್ನು ನಾನು ಅರ್ಜಿಯಲ್ಲಿ ಓದಿದೆ, ಸದಸ್ಯರು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂಬ ಅನುಮಾನ ಅಲ್ಲಿಂದಲೇ ಶುರು.

ಪಾಠ ಮಾಡಿ ತೋರಿಸಿ ಎಂದಾಗ ಆಕೆ ಹತ್ತಂಕಿಯ ಯಾವುದಾದರೂ ಒಂದು ಸಂಖ್ಯೆ ಕೇಳಿದರು. ಹೇಳಿದವರು ಸದಸ್ಯರು. ಆಕೆ ಅದನ್ನೇ ಎರಡು ಸಲ ಒಂದರ ಪಕ್ಕ ಒಂದು ಸೇರಿಸಿ ಬರೆದರು: 47029186574702918657. ಯಾವುದರಿಂದಾದರೂ ಭಾಗವಾಗುತ್ತದೆಯೇ ಎಂದು ನಾನು ಮನಸ್ಸಿನಲ್ಲೇ ಪರೀಕ್ಷಿಸಿದೆ. ಬೆಸ ಸಂಖ್ಯೆ. ಕೊನೆಗೆ ಐದಿಲ್ಲ. ಅಂಕಿಗಳ ಮೊತ್ತ ತೊಂಬತ್ತೆಂಟು, ಮೂರರಿಂದಲೂ ಭಾಗವಾಗದು.

ಆಕೆ ನಮ್ಮ ಕಡೆ ತಿರುಗಿ, "ಇದು ಸಂಯುಕ್ತ ಸಂಖ್ಯೆ. ನೂರೊಂದರಿಂದ ಭಾಗಿಸಿದರೆ ಶೇಷ ಸೊನ್ನೆ" ಎಂದರು. ಹಲಗೆಯನ್ನು ಮತ್ತೆ ನೋಡಲೂ ಇಲ್ಲ.

"ಅಯ್, ಲೆಕ್ಕಾನೇ ಮಾಡ್ನಿಲ್ವಲ್ಲ ಕಣಮ್ಮಿ! ಗಿಳಿಶಾಸ್ತ್ರ ಏನಾರ ಕಲ್ತಿದ್ದೀಯಾ?" ಎಂದು ಸದಸ್ಯರು ನಕ್ಕರು.

"ಗಿಳೀನೂ ಇಲ್ಲ, ಶಾಸ್ತ್ರಾನೂ ಇಲ್ಲ ಕಣಣ್ಣ. ಬೇಕಾರೆ ಭಾಗ ಮಾಡ್ನೋಡಿ."

ಆ 'ಅಣ್ಣ' ನನಗೆ ಸರಿಬರಲಿಲ್ಲ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಇಪ್ಪತ್ತೂ ಅಂಕಿ ಒತ್ತಿ ನೂರೊಂದರಿಂದ ಭಾಗಿಸಿದೆ. ಅದು ಉತ್ತರದ ಮೊದಲ ಕೆಲವು ಅಂಕಿಗಳನ್ನಷ್ಟೇ ತೋರಿಸಿತು. ಉಳಿದ ಅಂಕಿಗಳ ಜಾಗಕ್ಕೆ ಸೊನ್ನೆ ಹಾಕಿಕೊಂಡು ತಿರುಗಿ ಗುಣಿಸಿದೆ. ಹಲಗೆಯ ಸಂಖ್ಯೆ ಬರಲಿಲ್ಲ.

"ತಾಳೆಯಾಗ್ತಿಲ್ಲ," ಎಂದೆ.

"ಸಾ, ಫೋನು ಅಷ್ಟು ಅಂಕಿ ಇಟ್ಕೊಳಲ್ಲ. ಎರಡೇ ನಿಮಿಷ, ಕೈಲೇ ಮಾಡ್ಬುಡ್ತೀನಿ."

"ಸಾಕು ಬಿಡಮ್ಮ," ಎಂದು ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡೆ. ತೆಗೆದುಕೊಂಡೆ ಎಂದು ಬರೆದಿದ್ದೇನೆ, ಕಿತ್ತುಕೊಂಡೆ ಅನ್ನಬೇಕು. ಕೆಲಸ ಎರಡನೆಯವರಿಗೆ ಆಯಿತು.

ಸಂಜೆ ನಾಲ್ಕೂವರೆಯ ಚಾಮರಾಜನಗರದ ಬಸ್ಸಿನಲ್ಲಿ ಆ ಸಂಖ್ಯೆಯನ್ನು ಪೇಪರಿನ ಅಂಚಿನಲ್ಲಿ ಬರೆದು, ಕೈಯಿಂದಲೇ ಭಾಗಿಸುತ್ತಾ ಹೋದೆ. ತೆರಕಣಾಂಬಿ ಬರುವ ಮೊದಲೇ ಮುಗಿಯಿತು. ಶೇಷ ಸೊನ್ನೆ.

ಆಗಲೂ ನನಗೆ ಮೊದಲು ಹೊಳೆದದ್ದು, ಇವರಿಬ್ಬರೂ ಊರಲ್ಲೇ ಮಾತಾಡಿಕೊಂಡು ಈ ಸಂಖ್ಯೆ ತಂದಿದ್ದಾರೆ ಎಂದೇ. ಹಾಗಾಗಿ ನನಗೆ ತೋಚಿದ ಹತ್ತಂಕಿ ಬರೆದೆ, ಎರಡು ಸಲ. ಸೊನ್ನೆ. ಇನ್ನೊಂದು ಬರೆದೆ. ಸೊನ್ನೆ. ನಾಲ್ಕನೆಯದಕ್ಕೆ ಪೆನ್ನು ನಿಂತಿತು. ನೂರೊಂದರ ಪರೀಕ್ಷೆ ನನಗೆ ಗೊತ್ತಿದ್ದದ್ದೇ: ಅಂಕಿಗಳನ್ನು ಎರಡೆರಡಾಗಿ ಒಡೆದು, ಒಂದು ಜೋಡಿಯನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗುವುದು; ಕೊನೆಗೆ ಸೊನ್ನೆ ಉಳಿದರೆ ಭಾಗವಾಗುತ್ತದೆ. ಹತ್ತಂಕಿಯಲ್ಲಿ ಐದು ಜೋಡಿ. ಐದು ಬೆಸ. ಆದ್ದರಿಂದ ಮೊದಲ ಸಲ ಕೂಡುವ ಸಾಲಿಗೆ ಬಿದ್ದ ನಲವತ್ತೇಳು ಎರಡನೇ ಸಲ ಕಳೆಯುವ ಸಾಲಿಗೆ ಬೀಳುತ್ತದೆ. ಎಲ್ಲ ಜೋಡಿಗೂ ಹಾಗೇ. ಯಾರು ಯಾವ ಹತ್ತಂಕಿ ಹೇಳಿದರೂ ಉಳಿಯುವುದು ಏನೂ ಇಲ್ಲ. ಯಾರೊಂದಿಗೂ ಮೊದಲೇ ಮಾತಾಡಿಕೊಳ್ಳುವ ಅಗತ್ಯವೇ ಇರಲಿಲ್ಲ.

ಬಸ್ ಇಳಿದು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದೆ. "ಆರ್ಡರ್ ಕೊಟ್ಟಾಯ್ತಲ್ಲ ಸಾ, ಇನ್ನೇನು? ಬುಟ್ಬುಡಿ," ಎಂದರು. ನಾನೂ ಬಿಟ್ಟೆ. ಆ ವರ್ಷ ಆಕೆಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ. ಇದನ್ನು ಹೇಳಿದವರು ಸದಸ್ಯರು. ಅವರ ಪ್ರಕಾರ ಆಕೆ ಆ ದಿನ ತಪ್ಪು ಲೆಕ್ಕ ಹೇಳಿದ್ದಳು. ನಾನು ತಿದ್ದಲಿಲ್ಲ; ಇಲ್ಲಿ ತಿದ್ದುತ್ತಿದ್ದೇನೆ.

ಮುಖ್ಯೋಪಾಧ್ಯಾಯರು ಹೋದ ವರ್ಷ ತೀರಿಕೊಂಡರು. ನಾನು ಸೀಮೆಸುಣ್ಣ ಕಿತ್ತುಕೊಂಡದ್ದನ್ನು ಕಂಡು ಇನ್ನೂ ಬದುಕಿರುವವರು: ಬೇಗೂರಿನ ಆ ಈರುಳ್ಳಿ ಬೆಳೆಗಾರರು, ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುವಾಕೆ, ಮತ್ತು ಆ ದಿನ ಹಲಗೆಯ ಮುಂದೆ ನಿಂತಿದ್ದ ಆಕೆ.