ಸೊನ್ನೆ ಬಂದ ವಾರ್ಡಿನ ಮೇಸ್ತ್ರಿ

ಬೆಳಿಗ್ಗೆ ಎದ್ದ ಕೂಡಲೇ ಮೇಸ್ತ್ರಿ ಮಾಡುವ ಮೊದಲ ಕೆಲಸ ತಮ್ಮ ಎಡಗಾಲಿನ ಮಂಡಿಗೆ ಒಂದು ತೊಟ್ಟು ಎಣ್ಣೆ ಬಿಡುವುದು. ಆ ಕಾಲು ಮರದ್ದು, ಮಂಡಿಯ ಕೀಲು ಉಕ್ಕಿನದು. ಎರಡನ್ನೂ ಮಾಡಿದವರು ಅವರೇ. ಮಂಚದ ಅಂಚಿನಲ್ಲಿ ಕೂತು, ಕಾಲನ್ನು ಕಿವಿಯ ಹತ್ತಿರ ಹಿಡಿದು, ಹತ್ತು ಸಲ ಮಡಿಸಿ ಬಿಡಿಸುತ್ತಾರೆ. ಕಿರ್ ಎಂದರೆ ಇನ್ನೊಂದು ತೊಟ್ಟು. ಸದ್ದಿಲ್ಲದಿದ್ದರೆ ಬೆಲ್ಟು ಬಿಗಿದುಕೊಂಡು ಎದ್ದು ಚಹಾಕ್ಕೆ ನೀರಿಡುತ್ತಾರೆ. ಜ್ವರ ಬಂದ ದಿನವೂ, ತಾಯಿ ತೀರಿಕೊಂಡ ದಿನವೂ ಇದು ತಪ್ಪಲಿಲ್ಲ. ದೇವರು ಕೊಟ್ಟ ಕಾಲನ್ನೂ ಇಷ್ಟು ಆಸ್ಥೆಯಿಂದ ನೋಡಿಕೊಳ್ಳುವವರನ್ನು ನಾನು ಕಂಡಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಮರದ ಮಿಲ್ಲಿನ ಗರಗಸಕ್ಕೆ ಅವರ ಕಾಲು ಹೋಯಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಒಂದು ವರ್ಷ ಅಲೆದ ಮೇಲೆ ಸಿಕ್ಕ ಕೃತಕ ಕಾಲು ಎರಡು ಬೆರಳು ಗಿಡ್ಡವಾಗಿತ್ತು. ಕೇಳಿದರೆ, "ಸರಾಸರಿ ಅಳತೆಗೆ ಮಾಡಿದ್ದು" ಎಂದರಂತೆ. ಮನೆಗೆ ಬಂದು ಅದನ್ನು ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ, ತಾವೇ ಹೊಸದು ಮಾಡಿಕೊಂಡರು. ಅದನ್ನು ಕಂಡ ಪಕ್ಕದ ಬೀದಿಯವರು ಒಬ್ಬರು ಬಂದರು, ಆಮೇಲೆ ಇನ್ನೊಬ್ಬರು. ಕಡೆಗೆ ನಗರಸಭೆಯವರೇ ಆರೋಗ್ಯ ಕೇಂದ್ರದ ಹಿಂದಿನ ಒಂದು ಕೋಣೆಯನ್ನು ಬಿಟ್ಟುಕೊಟ್ಟರು. ಅಲ್ಲಿ ಒಂದು ಉದ್ದನೆಯ ಮೇಜು, ಮರ ಕಡೆಯುವ ಒಂದು ಲೇತು, ಅಂಟು ಕಾಯಿಸುವ ಒಲೆ. ಗೋಡೆಯ ಮೊಳೆಗಳಿಗೆ ಅರ್ಧ ಮುಗಿದ ಕಾಲುಗಳು. ಇಪ್ಪತ್ತಾರು ವರ್ಷದಿಂದ ಮೇಸ್ತ್ರಿ ಅಲ್ಲಿ ಕಾಲು, ಬಲವಿಲ್ಲದ ಕಾಲಿಗೆ ಕಟ್ಟುವ ಕ್ಯಾಲಿಪರ್, ಊರುಗೋಲು ಮಾಡುತ್ತಾರೆ. ಗಂಡನನ್ನು ಕಳೆದುಕೊಂಡು ತಮ್ಮನ ಜೊತೆಗೇ ಇರುವ ಅಕ್ಕ ಅಲ್ಲೇ ಕಿಟಕಿಯ ಬಳಿ ಕೂತು ಚರ್ಮದ ಬೆಲ್ಟು ಹೊಲಿಯುತ್ತಾರೆ. ಅವರ ಸೂಜಿಗಿಂತ ಮಾತು ಚೂಪು.

ವಾರ್ಡಿನ ಒಂಬತ್ತು ಬೀದಿಗಳಲ್ಲಿ ಮೇಸ್ತ್ರಿಯ ಕೈಕೆಲಸದಿಂದ ನಡೆಯುವವರು ಅರವತ್ತನಾಲ್ಕು ಜನ. ಹೆಸರು ಕೇಳಿದರೆ ಮೇಸ್ತ್ರಿಗೆ ತಟ್ಟನೆ ಹೊಳೆಯುವುದಿಲ್ಲ. ಕಾಲಿನ ಅಳತೆ ಹೇಳಿದರೆ ಆಳನ್ನು ಮಾತ್ರವಲ್ಲ, ಅವರ ಸಿಟ್ಟನ್ನೂ ವರ್ಣಿಸುತ್ತಾರೆ.

ಈ ಅರವತ್ತನಾಲ್ಕು ಜನರಿಗೆ ವರ್ಷದಲ್ಲಿ ಮೂರು ದಿನ 'ಕೂರುವ ದಿನ'. ಅಂಟನ್ನು ಒಂದೇ ಸಲ ಕಾಯಿಸಬೇಕು, ಬೆಲ್ಟುಗಳನ್ನು ಒಂದೇ ಹದದ ಚರ್ಮದಲ್ಲಿ ಕತ್ತರಿಸಬೇಕು ಎಂಬುದು ಮೇಸ್ತ್ರಿಯ ಹಟ. ಹಾಗಾಗಿ ಸೋಮವಾರ ಸಂಜೆ ಎಲ್ಲರ ಕಾಲು, ಕೋಲುಗಳೂ ಚೀಟಿ ಕಟ್ಟಿಸಿಕೊಂಡು ಕೋಣೆಗೆ ಬರುತ್ತವೆ, ಶುಕ್ರವಾರ ಬೆಳಿಗ್ಗೆ ಹೊಸ ಬೆಲ್ಟಿನೊಡನೆ ವಾಪಸ್ ಹೋಗುತ್ತವೆ. ನಡುವೆ ಅವರೆಲ್ಲ ಮನೆಯಲ್ಲಿ ಕೂತು ಹೇಳಿದ್ದನ್ನು ತರಿಸಿಕೊಂಡು ತಿನ್ನುತ್ತಾರೆ. ಕೆಲವರು ವರ್ಷವಿಡೀ ಅದಕ್ಕೇ ಕಾಯುತ್ತಾರೆ.

ಹೀಗಿರುವಾಗ ಅಂಗವೈಕಲ್ಯದ ರಾಷ್ಟ್ರೀಯ ಸಮೀಕ್ಷೆ ಬಂತು.

ಬಂದ ಗಣತಿಯವರು ಕೊಡೆ ಹಿಡಿದ, ಬೆವರಿದ, ವಿಧೇಯ ಮನುಷ್ಯ. ಮನೆ ಮನೆಗೆ ಹೋಗಿ, ಕಾಗದದಲ್ಲಿ ಇದ್ದಂತೆ ಒಂದಕ್ಷರವೂ ಆಚೀಚೆ ಆಗದೆ ಓದುತ್ತಿದ್ದರು. "ನೀವು ಬಳಸುವ ಸಾಧನದ ಸಹಾಯವಿದ್ದರೆ ಅದರೊಂದಿಗೆ, ಇಲ್ಲದಿದ್ದರೆ ಹಾಗೆಯೇ, ನಡೆಯಲು ಅಥವಾ ಮೆಟ್ಟಿಲು ಹತ್ತಲು ನಿಮಗೆ ಕಷ್ಟವಾಗುತ್ತದೆಯೇ? ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗುವುದೇ ಇಲ್ಲ. ಯಾವುದಾದರೂ ಒಂದನ್ನು ಹೇಳಿ."

ಮೊದಲ ಬೀದಿಯ ಮೊದಲ ಮನೆಯಲ್ಲೇ ಒಂದು ಸುದ್ದಿ ಹುಟ್ಟಿತು: ಇವರು ಮೇಸ್ತ್ರಿಯ ಕೆಲಸ ತಪಾಸಣೆ ಮಾಡಲು ಬಂದಿದ್ದಾರೆ. ಸಾಧನದ ಬಗ್ಗೆ ಕೇಳುತ್ತಾರೆ, ಕಷ್ಟವಿದೆಯೇ ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ. ಇನ್ನೇನು ಬೇಕು? ಎರಡನೇ ಬೀದಿ ತಲುಪುವ ಹೊತ್ತಿಗೆ ಎಲ್ಲರೂ ಸಜ್ಜಾಗಿದ್ದರು.

ಬೇಕರಿಯವರಿಗೆ ಎರಡೂ ಕಾಲು ಮೇಸ್ತ್ರಿ ಮಾಡಿದ್ದು. ಅವರು ಪ್ರಶ್ನೆ ಮುಗಿಯುವವರೆಗೂ ಕಾಯಲಿಲ್ಲ.

"ಕಷ್ಟಾನಾ? ಬನ್ನಿ ಸ್ವಾಮಿ, ತೋರಿಸ್ತೀನಿ" ಎಂದು ಗಣತಿಯವರ ಕೈ ಹಿಡಿದು ಮಾಳಿಗೆಗೆ ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು.

"ಸಾಕು, ನನಗೆ ಆಗ್ತಿಲ್ಲ" ಎಂದರು ಗಣತಿಯವರು.

"ನೋಡಿದ್ರಾ? ನಿಮಗೆ ಕಷ್ಟ. ನನಗಲ್ಲ. ಬರ್ಕೊಳ್ಳಿ."

ಇಸ್ತ್ರಿ ಅಂಗಡಿಯ ಅಜ್ಜಿ ಊರುಗೋಲನ್ನು ಬಾಗಿಲ ಹಿಂದೆ ಬಚ್ಚಿಟ್ಟು, ಗೋಡೆ ಹಿಡಿದು ನಿಂತು, ಹಲ್ಲು ಕಚ್ಚಿಕೊಂಡು, "ಏನೂ ಕಷ್ಟ ಇಲ್ಲಪ್ಪ, ಮೇಸ್ತ್ರಿ ಕೈ ಚಿನ್ನದಂಥದ್ದು" ಎಂದರು. ಅರವತ್ತನಾಲ್ಕು ಮನೆಗಳಲ್ಲೂ ಇದೇ ಉತ್ತರ. ಸಂಜೆ ಗಣತಿಯವರು ಮೇಸ್ತ್ರಿಯ ಹತ್ತಿರವೂ ಬಂದರು. ಮೇಸ್ತ್ರಿ ಯೋಚಿಸಿ, ನಿಜವನ್ನೇ ಹೇಳಿದರು: ಕಷ್ಟವಿಲ್ಲ.

ಒಂದು ತಿಂಗಳ ಮೇಲೆ ಒಂದು ಪತ್ರ ಬಂತು. ಅಕ್ಕ ಕನ್ನಡಕ ಏರಿಸಿ ಓದಿದರು. ಈ ವಾರ್ಡಿನಲ್ಲಿ ನಡೆಯಲು ಕಷ್ಟಪಡುವವರ ಸಂಖ್ಯೆ ಸೊನ್ನೆ. ನಲವತ್ತಕ್ಕಿಂತ ಕಡಿಮೆ ಇರುವ ವಾರ್ಡಿನಲ್ಲಿ ಸಾಧನ ತಯಾರಿಕೆಗೆ ಕೋಣೆ ಕೊಡಲು ನಿಯಮವಿಲ್ಲ. ತಿಂಗಳೊಳಗೆ ತೆರವು ಮಾಡತಕ್ಕದ್ದು. ಕೋಣೆಯನ್ನು ಸಮೀಕ್ಷೆಯ ತುಂಬಿದ ನಮೂನೆಗಳನ್ನು ಇಡಲು ಬಳಸಲಾಗುವುದು.

"ಅಂದ್ರೆ, ಯಾರೂ ಕುಂಟರಿಲ್ಲ ಅಂತ ಬರೆದ ಕಾಗದ ಇಡೋದಕ್ಕೆ ಜಾಗ ಬೇಕು, ಅದಕ್ಕೆ ನೀನು ಎದ್ದು ಹೋಗು ಅಂತ" ಎಂದರು ಅಕ್ಕ.

ಮೇಸ್ತ್ರಿ ಪತ್ರವನ್ನು ಮಡಿಸಿ ಜೇಬಿಗಿಟ್ಟರು. ಮನೆ ಎಂದರೆ ಒಂದೂವರೆ ಕೋಣೆ, ಅಲ್ಲಿ ಲೇತು ಇರಲಿ, ಅಂಟಿನ ಒಲೆ ಇಡಲೂ ಜಾಗವಿಲ್ಲ. ಕೋಣೆ ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಅರವತ್ತನಾಲ್ಕು ಜನ ದೊಡ್ಡ ಊರಿಗೆ ಹೋಗಿ, ವರ್ಷಗಟ್ಟಲೆ ಸಾಲಿನಲ್ಲಿ ನಿಂತು, ಎರಡು ಬೆರಳು ಗಿಡ್ಡ ಕಾಲು ತರಬೇಕು.

ಸುದ್ದಿ ತಿಳಿದು ಬೇಕರಿಯವರು ಓಡಿ ಬಂದರು. ನಿಜವಾಗಿಯೂ ಓಡಿಯೇ ಬಂದರು.

"ನಿಮ್ಮ ಹೆಸರು ಉಳಿಸೋಣ ಅಂತ ಮಾಡಿದ್ವಿ ಮೇಸ್ತ್ರಿ."

"ಉಳಿಸಿದ್ರಲ್ಲ" ಎಂದರು ಅಕ್ಕ. "ಹೆಸರು ಉಳೀತು. ಮಿಕ್ಕಿದ್ದೆಲ್ಲ ಹೋಯ್ತು."

ಮೇಸ್ತ್ರಿ ಮರುಎಣಿಕೆಗೆ ಅರ್ಜಿ ಬರೆದರು. ಒಪ್ಪಿಗೆಯೂ ಬಂತು. ಆದರೆ ದಿನಾಂಕ ನೋಡಿದರೆ ಬುಧವಾರ, ಸರಿಯಾಗಿ ಕೂರುವ ದಿನಗಳ ನಡುವೆ.

"ಬಾಯಿ ಮುಚ್ಕೊಂಡು ಸುಮ್ನಿರು. ದೇವರೇ ಹಾಕಿಕೊಟ್ಟ ತಾರೀಕು" ಎಂದರು ಅಕ್ಕ.

"ದೇವರಲ್ಲ, ಗುಮಾಸ್ತರು ಹಾಕಿದ್ದು" ಎಂದು ಮೇಸ್ತ್ರಿ ಬಸ್ಸು ಹತ್ತಿದರು. ಸುಳ್ಳು ಸೊನ್ನೆ ಹೋಗಿ ಸುಳ್ಳು ಅರವತ್ತನಾಲ್ಕು ಬಂದರೆ ಅವರಿಗೆ ಸಮಾಧಾನವಾಗುವಂತಿರಲಿಲ್ಲ.

ಅಂಕಿಅಂಶ ಕಚೇರಿ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಅಂಗವೈಕಲ್ಯ ವಿಭಾಗದ ಮೇಡಂ, ಬಿಳಿಗೂದಲಿನ, ದಣಿದ ಕಣ್ಣಿನ ಹೆಂಗಸು, ಅವರನ್ನು ಕೂರಿಸಿ ನೀರು ಕೊಟ್ಟು ಪೂರ್ತಿ ಕೇಳಿಸಿಕೊಂಡರು. ಅವರಿಗೆ ಅರ್ಥವಾಯಿತು. ಅವರು ಕಚೇರಿಯ ಮುಖ್ಯಸ್ಥರಾದ ಸಾಹೇಬರ ಬಳಿಗೆ ಕರೆದುಕೊಂಡು ಹೋದರು. ಸಾಹೇಬರಿಗೆ ಅರ್ಥವಾಗಲಿಲ್ಲ.

"ಬುಧವಾರ ಯಾರ ಹತ್ರಾನೂ ಕಾಲಿರಲ್ಲ ಸಾರ್. ಎಲ್ಲ ನನ್ನ ಹತ್ರ ಇರ್ತವೆ. ಒಂದು ವಾರ ಬಿಟ್ಟು ಬನ್ನಿ."

"ದಿನಾಂಕ ಅಚ್ಚಾಗಿದೆ" ಎಂದರು ಸಾಹೇಬರು. "ನೀವು ಹೇಗೆ ಬಂದ್ರಿ ಮೇಲೆ?"

"ಮೆಟ್ಟಿಲು ಹತ್ತಿ."

ಸಾಹೇಬರು ಮೇಡಂ ಕಡೆ ತಿರುಗಿ, "ಬರ್ಕೊಳ್ಳಿ. ಅರ್ಜಿದಾರರು ಮೂರು ಮಹಡಿ ಹತ್ತಿದ್ದಾರೆ, ಕಷ್ಟವಿಲ್ಲ" ಎಂದರು.

ಕೂರುವ ದಿನವನ್ನಾದರೂ ಮುಂದೂಡಬಹುದಿತ್ತು. ಅಷ್ಟರಲ್ಲಿ ಚರ್ಮ ನೆನೆಯಲು ಹಾಕಿಯಾಗಿತ್ತು, ನೆನೆದ ಚರ್ಮ ಯಾವ ಕಚೇರಿಗೂ ಕಾಯುವುದಿಲ್ಲ. ಬುಧವಾರ ಅದೇ ಗಣತಿಯವರು ಅದೇ ಕೊಡೆ ಹಿಡಿದು ಬಂದರು. ಬೇಕರಿಯವರು ಕುರ್ಚಿಯಲ್ಲಿ ಎರಡು ದಿಂಬಿನ ನಡುವೆ ಕೂತಿದ್ದರು. ಗಣತಿಯವರು ಅವರನ್ನೂ ಮಾಳಿಗೆಯ ಮೆಟ್ಟಿಲನ್ನೂ ಬಹಳ ಹೊತ್ತು ನೋಡಿದರು.

"ಎರಡು ತಿಂಗಳಲ್ಲಿ ಏನಾಯ್ತು?"

"ಕಾಲು ಮೇಸ್ತ್ರಿ ಹತ್ರ ಇದೆ."

"ಅದಕ್ಕೆ ಇಲ್ಲಿ ಚೌಕ ಇಲ್ಲ. ನಡೆಯಲು ಆಗುತ್ತದೆಯೇ?"

"ಇವತ್ತಾ? ಇವತ್ತು ಹ್ಯಾಗಪ್ಪ ಆಗುತ್ತೆ?"

ಆಗುವುದೇ ಇಲ್ಲ ಎಂದು ಗುರುತು ಬಿತ್ತು. ಅರವತ್ತನಾಲ್ಕು ನಮೂನೆಗಳಲ್ಲೂ ಅದೇ ಗುರುತು. ಮೇಸ್ತ್ರಿಯದು ಮಾತ್ರ ಮೊದಲಿನಂತೆಯೇ ಇತ್ತು, ಕೆಲಸ ಮಾಡಬೇಕಾದವರಿಗೆ ಕಾಲು ಬಿಚ್ಚಿಟ್ಟು ಕೂರಲಾಗುತ್ತದೆಯೇ?

ಕಚೇರಿಯಲ್ಲಿ ಎರಡು ಎಣಿಕೆಗಳನ್ನು ನಕ್ಷೆಯಲ್ಲಿಟ್ಟು ಗೆರೆ ಎಳೆದು ನೋಡಿದಾಗ ಅದು ನೆಲದಿಂದ ನೆಟ್ಟಗೆ ಸೂರಿಗೆ ಹೋಯಿತಂತೆ. ಎರಡು ತಿಂಗಳ ಹಿಂದೆ ಒಬ್ಬರೂ ಇರಲಿಲ್ಲ, ಈಗ ಒಂಬತ್ತು ಬೀದಿಗಳಲ್ಲಿ ಅರವತ್ತನಾಲ್ಕು ಜನ ಕಾಲು ಕಳೆದುಕೊಂಡಿದ್ದಾರೆ. ಮೇಡಂ ಎಷ್ಟು ಹೇಳಿದರೂ ಕೇಳದೆ ಸಾಹೇಬರು ವಿಪತ್ತು ವಿಭಾಗಕ್ಕೆ ತಂತಿ ಕಳಿಸಿದರು. ಶುಕ್ರವಾರ ಮಧ್ಯಾಹ್ನ ಮೂರು ಲಾರಿಗಳಲ್ಲಿ ಸ್ಟ್ರೆಚರು, ಕಂಬಳಿ, ನೀರಿನ ಪೀಪಾಯಿಗಳು ಬಂದಿಳಿದವು. ಅಷ್ಟರಲ್ಲಿ ಎಲ್ಲರೂ ಹೊಸ ಬೆಲ್ಟು ಕಟ್ಟಿಕೊಂಡು ಬೀದಿಗೆ ಬಂದಿದ್ದರು.

"ಗಾಯಗೊಂಡವರು ಎಲ್ಲಿ?" ಎಂದು ಲಾರಿಯವರು ಕೇಳಿದರು.

"ಯಾರಿಗೋ ಏನೋ ಆಗಿದೆಯಂತೆ ಪಾಪ" ಎಂದು ಬೇಕರಿಯವರು ಸ್ಟ್ರೆಚರಿನ ಒಂದು ತುದಿ ಹಿಡಿದು ಇಳಿಸಲು ನೆರವಾದರು. ಇಸ್ತ್ರಿ ಅಜ್ಜಿ ಊರುಗೋಲು ಊರಿಕೊಂಡು ನಾಲ್ಕು ಬೀದಿ ಸುತ್ತಿ ಗಾಯಾಳುಗಳನ್ನು ಹುಡುಕಿದರು. ಒಬ್ಬರೂ ಸಿಗಲಿಲ್ಲ. ಕಡೆಗೆ ಲಾರಿಯವರಲ್ಲೇ ಒಬ್ಬನ ಕಾಲು ಉಳುಕಿತು. ಮೇಸ್ತ್ರಿ ಅದಕ್ಕೆ ಪಟ್ಟಿ ಕಟ್ಟಿ, ನಡೆಯಲು ಒಂದು ಊರುಗೋಲು ಕೊಟ್ಟು ಕಳಿಸಿದರು.

ಮುಂದಿನ ವಾರ ಮೇಡಂ ಖುದ್ದಾಗಿ ಕೋಣೆಗೆ ಬಂದರು. ಕೈಯಲ್ಲಿ ಒಂದು ಸೀಮೆಸುಣ್ಣ, ಒಂದು ಅಳತೆಪಟ್ಟಿ. ಬಂದವರು ಮೊದಲು ಗೋಡೆಯ ಕಾಲುಗಳನ್ನು ನೋಡಿದರು.

"ನಾನು ಮೂವತ್ತು ವರ್ಷದಿಂದ ಈ ಅಂಕಿಗಳನ್ನ ನೋಡ್ತಿದ್ದೀನಿ ಮೇಸ್ತ್ರಿ. ಎರಡೂ ಎಣಿಕೆ ಸರಿಯಾಗಿಯೇ ಇವೆ. ನೀವು ಮಾಡಿದ ಕಾಲು ಇದ್ದಾಗ ಸೊನ್ನೆ, ಇಲ್ಲದಾಗ ಅರವತ್ತನಾಲ್ಕು. ನಡುವೆ ಇರೋದೇ ನಿಮ್ಮ ಕೆಲಸ. ಎರಡು ಅಂಕಿ ಪಕ್ಕಪಕ್ಕ ಬರೆದ್ರೆ ಮಗುಗೂ ತಿಳಿಯುತ್ತೆ."

"ಹಾಗಾದ್ರೆ ಎರಡೂ ಬರೀರಿ."

"ವರದಿಯಲ್ಲಿ ಒಂದೇ ಚೌಕ ಇದೆ. ಸಾಹೇಬರು ಸರಾಸರಿ ತೆಗೆದಿದ್ದಾರೆ. ಮೂವತ್ತೆರಡು."

"ಯಾವ ಮೂವತ್ತೆರಡು ಜನ?" ಎಂದರು ಅಕ್ಕ. "ಬೇಕರಿಯವರದು ಒಂದು ಕಾಲು ಲೆಕ್ಕಕ್ಕೆ, ಒಂದು ಬೇಡ ಅಂತಲಾ?"

ಮೇಡಂಗೆ ನಗು ಬಂತು, ಆದರೆ ಅವರು ತಲೆ ತಗ್ಗಿಸಿದರು. "ಸೊನ್ನೆ ಅಲ್ಲದ್ದರಿಂದ ಪೂರ್ತಿ ಖಾಲಿ ಮಾಡಿಸೋ ಹಾಗಿಲ್ಲ. ನಲವತ್ತು ಇಲ್ಲದ್ದರಿಂದ ಪೂರ್ತಿ ಬಿಡೋ ಹಾಗೂ ಇಲ್ಲ. ಅರ್ಧ ಕೋಣೆ ನಿಮಗೆ, ಅರ್ಧ ನಮೂನೆಗಳಿಗೆ. ಗೆರೆ ಹಾಕಿ ಬಾ ಅಂತ ಕಳಿಸಿದ್ದಾರೆ."

ಅವರು ಬಗ್ಗಿ ಅಳೆದು, ಬಾಗಿಲಿಂದ ಹಿಂದಿನ ಗೋಡೆಯವರೆಗೆ ನೆಲದ ಮೇಲೆ ಗೆರೆ ಎಳೆದರು. ಅದು ಉದ್ದನೆಯ ಮೇಜಿನ ನಟ್ಟನಡುವೆ ಹಾಯಿತು. ಲೇತು ಗೆರೆಯ ಈಚೆ ಬಂತು, ಅಂಟಿನ ಒಲೆ ಆಚೆ ಹೋಯಿತು. ಎದ್ದು ನಿಂತ ಮೇಡಂ ಬಾಗಿಲನ್ನು ಅರ್ಧ ಮುಚ್ಚಿ, ಬ್ಯಾಗಿನಿಂದ ಕೆಲವು ಖಾಲಿ ನಮೂನೆಗಳನ್ನು ತೆಗೆದರು.

"ಎಂಟು ಜನ ಕಡಿಮೆ, ಅಷ್ಟೇ. ಎಂಟು ನಮೂನೆ ನಾನೇ ತುಂಬಿಬಿಡ್ತೀನಿ. ಇಷ್ಟು ವರ್ಷದಲ್ಲಿ ಇಂಥದ್ದು ಮಾಡಿದೋಳಲ್ಲ. ಆದ್ರೆ ನಿಮ್ಮ ಕೆಲಸ ನಿಲ್ಲೋದನ್ನ ನೋಡೋಕಾಗಲ್ಲ. ನೀವು ಹೂಂ ಅಂದ್ರೆ ಗೆರೆ ಈಗಲೇ ಅಳಿಸ್ತೀನಿ."

"ಹೂಂ ಅನ್ನೋ" ಎಂದರು ಅಕ್ಕ.

"ಯಾರು ಮೇಡಂ ಆ ಎಂಟು ಜನ?"

"ಯಾರೂ ಅಲ್ಲ. ಬರೀ ಲೆಕ್ಕಕ್ಕೆ."

"ಎಡಗಾಲಾ, ಬಲಗಾಲಾ?"

ಮೇಡಂ ನಮೂನೆಗಳನ್ನು ಮೇಜಿನ ಮೇಲಿಟ್ಟರು.

ಮೇಸ್ತ್ರಿ ಒಂದು ನಮೂನೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಉಳಿದವುಗಳ ಮೇಲೆ ನೀಟಾಗಿ ಇಟ್ಟರು. "ನನ್ನ ಅರವತ್ತನಾಲ್ಕು ಜನ ಇದ್ದಾರೆ. ಹೊರಗೆ ಬೀದಿಗೆ ಹೋದ್ರೆ ಸಿಗ್ತಾರೆ. ಇದ್ದೋರಲ್ಲಿ ಅರ್ಧ ಜನ ಕಾಗದದಲ್ಲಿ ಇಲ್ಲ. ಅವರನ್ನ ಹೊರಗೆ ಬಿಟ್ಟು, ಎಲ್ಲೂ ಇಲ್ಲದ ಎಂಟು ಜನರನ್ನ ಒಳಗೆ ಕೂರಿಸಿದ್ರೆ, ನಾಳೆ ನಾನು ಯಾರ ಕಾಲಿಗೆ ಅಳತೆ ಹಿಡೀಲಿ? ಬೇಡ ಮೇಡಂ. ನೀವು ಕೇಳಿದ್ದೇ ದೊಡ್ಡದು."

"ಎಂಥ ದಡ್ಡನ ಜೊತೆ ಬಾಳ್ತಿದ್ದೀನಿ" ಎಂದು ಅಕ್ಕ ಸೂಜಿಯನ್ನು ಚರ್ಮಕ್ಕೆ ಚುಚ್ಚಿಟ್ಟು ಎದ್ದರು.

"ಮುಂದಿನ ಸಮೀಕ್ಷೆಗೆ ಎರಡು ಚೌಕ ಇಡಿ ಅಂತ ನಾನು ಬರೀತೀನಿ" ಎಂದರು ಮೇಡಂ, ನಮೂನೆಗಳನ್ನು ಬ್ಯಾಗಿಗೆ ಹಾಕುತ್ತ. "ಅದಕ್ಕೆ ಹತ್ತು ವರ್ಷ ಇದೆ."

"ಇರಲಿ. ಬರೀರಿ" ಎಂದು ಮೇಸ್ತ್ರಿ ಮೇಜಿನ ಒಂದು ತುದಿಗೆ ಹೋಗಿ ನಿಂತರು. "ಅಕ್ಕ, ಆ ಕಡೆ ಹಿಡಿ. ಇದನ್ನ ತಿರುಗಿಸಿ ಗೆರೆಯ ಈಚೆಗೆ ಹಾಕೋಣ."