ನಮ್ಮ ಕೆರೆಯ ಬೋರ್ಡು

ಆ ವರ್ಷಗಳಲ್ಲಿ ಶಾಲೆಗೆ ಬೇಸಿಗೆ ರಜೆ ಬಿಟ್ಟ ಮರುದಿನವೇ ನೆದರ್ಲ್ಯಾಂಡಿನ ಆಮರ್ಸ್‌ಫೋರ್ಟಿನ ನಮ್ಮ ಬೀದಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಊರಲ್ಲಿ ಒಂದು ದಿಬ್ಬವನ್ನೂ ಕಾಣದ ಜನ ಕಾರಿನ ನೆತ್ತಿಯ ಮೇಲೆ ಸೈಕಲ್ ಕಟ್ಟಿಕೊಂಡು ಆಲ್ಪ್ಸ್ ಕಡೆ ಹೊರಡುತ್ತಿದ್ದರು. ನಾವೂ ಹೊರಡುತ್ತಿದ್ದೆವು. ಅವರ ಕಾರಿನಲ್ಲಿ ಆಲೂಗಡ್ಡೆ ಚೀಲವಿದ್ದರೆ ನಮ್ಮದರಲ್ಲಿ ಖಡಕ್ ರೊಟ್ಟಿಯ ಡಬ್ಬಿ, ಶೇಂಗಾ ಹಿಂಡಿ, ಅನ್ನದ ಕುಕ್ಕರ್. ಜರ್ಮನಿ ದಾಟುವಷ್ಟರಲ್ಲಿ ಕಾರಿನ ತುಂಬ ಬೆಳ್ಳುಳ್ಳಿ ವಾಸನೆ. ಇವತ್ತಿಗೂ ಶೇಂಗಾ ಹಿಂಡಿಯ ಡಬ್ಬಿ ತೆಗೆದರೆ ನನಗೆ ಹುಬ್ಬಳ್ಳಿ ನೆನಪಾಗುವುದಿಲ್ಲ, ಆಸ್ಟ್ರಿಯಾ ನೆನಪಾಗುತ್ತದೆ.

ನಾವು ಹೋಗುತ್ತಿದ್ದ ಕೆರೆಗೊಂದು ಮಾರುದ್ದದ ಜರ್ಮನ್ ಹೆಸರಿತ್ತು. ಅಪ್ಪನ ನಾಲಿಗೆ ಅದಕ್ಕೆ ಹೊರಳುತ್ತಿರಲಿಲ್ಲವಾದ್ದರಿಂದ ಅದು ನಮ್ಮ ಮನೆಯಲ್ಲಿ ಬರೀ ‘ನಮ್ಮ ಕೆರಿ’. ಸುತ್ತ ಪೈನ್ ಮರ, ಮೇಲೆ ಜುಲೈನಲ್ಲೂ ಕರಗದ ಹಿಮ, ಕೆಳಗೆ ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ನೀರು. ನೀರಿನೊಳಕ್ಕೆ ಚಾಚಿಕೊಂಡ ಮರದ ಅಟ್ಟವೊಂದಿತ್ತು. ಅದರ ಹಲಗೆಗಳ ಮೇಲೆ ನಾನು ಒದ್ದೆ ಬೆರಳಿನಿಂದ ಕುಂಟಾಬಿಲ್ಲೆಯ ಮನೆ ಬರೆಯುತ್ತಿದ್ದೆ. ಮೂರನೇ ಮನೆಗೆ ಕುಂಟುವಷ್ಟರಲ್ಲಿ ಮೊದಲನೆಯದು ಬಿಸಿಲಿಗೆ ಆರಿಹೋಗಿರುತ್ತಿತ್ತು. ಅಪ್ಪ ಬೆಳಿಗ್ಗೆಯೇ ಕೋಲು ಹಿಡಿದು ಬೆಟ್ಟ ಹತ್ತಲು ಹೋದರೆ ಊಟದ ಹೊತ್ತಿಗೆ ಇಳಿದು ಬರುತ್ತಿದ್ದ. ಅವ್ವ ದಂಡೆಯ ಒಂದು ಚಪ್ಪಟೆ ಕಲ್ಲಿನ ಮೇಲೆ ನನ್ನ ಟವೆಲ್ ಹಿಡಿದು ಕೂತಿರುತ್ತಿದ್ದಳು.

ಅವ್ವನಿಗೆ ಈ ಟವೆಲ್ ಹಿಡಿಯುವ ಕೆಲಸ ಹೊಸದಲ್ಲ. ಅವಳ ತವರಿನಲ್ಲಿ ಹೊಲದ ನಡುವೆ ಒಂದು ದೊಡ್ಡ ಬಾವಿಯಿತ್ತಂತೆ. ಅಣ್ಣಂದಿರು ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಮೇಲಿನಿಂದ ಹಾರುವಾಗ ಇವಳು ಮೆಟ್ಟಿಲ ಮೇಲೆ ಅವರ ಅಂಗಿ ಚಡ್ಡಿ ಕಾಯುತ್ತ ಕೂರಬೇಕಿತ್ತು. ಹೆಣ್ಣುಮಕ್ಕಳಿಗೆ ಬಾವಿ ಎಂದರೆ ನೀರಿನ ಕೊಡಗಳ ಲೆಕ್ಕ ಮಾತ್ರ.

ನನಗೆ ಎಂಟು ತುಂಬಿದ ವಸಂತದಲ್ಲಿ ನಾನು ಈಜಿನ ಮೊದಲ ಡಿಪ್ಲೊಮಾ ಪಾಸು ಮಾಡಿದೆ. ಹೆಜ್ಜೆಗೊಂದು ಕಾಲುವೆ ಇರುವ ಈ ದೇಶದಲ್ಲಿ ಮಕ್ಕಳಿಗೆ ಅಕ್ಷರದಷ್ಟೇ ಈಜೂ ಮುಖ್ಯ. ಪರೀಕ್ಷೆಯ ದಿನ ಅಂಗಿ, ಪ್ಯಾಂಟು, ಬೂಟು ಎಲ್ಲ ತೊಟ್ಟೇ ನೀರಿಗೆ ಬೀಳಬೇಕು. ಕಾಲುವೆಗೆ ಜಾರುವವರು ಬಟ್ಟೆ ಬದಲಿಸಿಕೊಂಡು ಜಾರುವುದಿಲ್ಲವಲ್ಲ. ನನ್ನ ಪ್ಯಾಂಟಿನೊಳಗೆ ನೀರು ನುಗ್ಗಿ ಕಾಲುಗಳು ಮೂಟೆಯಾದದ್ದು, ನಾನು ಏದುಸಿರು ಬಿಡುತ್ತ ದಂಡೆ ಮುಟ್ಟಿದ್ದು, ಎಲ್ಲವನ್ನೂ ಅವ್ವ ಗಾಜಿನ ಆಚೆಯಿಂದ ನೋಡಿದ್ದಳು.

ಅಸಲಿಗೆ ಅವಳು ಒಂದೂವರೆ ವರ್ಷ ಪ್ರತಿ ಬುಧವಾರ ಆ ಗಾಜಿನ ಆಚೆ ಕೂತಿದ್ದಳು. ಮಕ್ಕಳಿಗೆ ಅಲ್ಲಿ ಕಾಲು ಬಡಿಯುವುದನ್ನು ಕಪ್ಪೆ, ವಿಮಾನ, ಪೆನ್ಸಿಲ್ ಎಂದು ಕಲಿಸುತ್ತಾರೆ. ಕಪ್ಪೆಯ ಹಾಗೆ ಮಡಿಸು, ವಿಮಾನದ ಹಾಗೆ ಅಗಲಿಸು, ಪೆನ್ಸಿಲ್ಲಿನ ಹಾಗೆ ಕೂಡಿಸು. ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅವ್ವ ಅಡುಗೆಮನೆಯ ಸ್ಟೂಲಿನ ಮೇಲೆ ಬೋರಲು ಮಲಗಿ, “ಕಪ್ಪಿ, ವಿಮಾನ, ಪೆನ್ಸಿಲ್” ಎನ್ನುತ್ತ ಕಾಲಾಡಿಸುತ್ತಿದ್ದಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ನನ್ನನ್ನು ನೋಡಿ ನಾಚಿಕೊಂಡು ಎದ್ದಳು.

“ಈ ಸಲ ನಮ್ಮ ಕೆರ್‍ಯಾಗ ನನಗೂ ಈಸಾಕ ಕಲಸ್ತೀಯೇನು, ಸುಮಿ?”

“ಕಲಸ್ತೀನಿ. ಆದ್ರ ನೀ ಒದರಬಾರ್ದು.”

“ಇಲ್ಲವಾ, ಒದರೂದಿಲ್ಲ. ನಿನ್ನಾಣಿ.”

ಆ ಬೇಸಿಗೆಯಲ್ಲಿ ಕೆರೆಯ ಬಳಿ ನಮ್ಮ ಡೇರೆಯ ಪಕ್ಕದ ಡೇರೆಯಲ್ಲಿ ಟಿಲ್‌ಬರ್ಗಿನಿಂದ ಬಂದ ಫ್ಲೂರ್ ಎಂಬ ಹುಡುಗಿ ಇದ್ದಳು. ನನಗಿಂತ ಒಂದು ವರ್ಷ ದೊಡ್ಡವಳು. ಎರಡೇ ದಿನದಲ್ಲಿ ನಾನು ಅವಳ ಬಾಲವಾದೆ. ಅವಳ ತಾಯಿ ನೀಲಿ ಈಜುಡುಗೆ ತೊಟ್ಟು ಕೆರೆಯ ಆಚೆ ದಂಡೆಯವರೆಗೆ ಈಜಿ ಬರುತ್ತಿದ್ದರು. ಮೂರನೇ ದಿನ ಅಪ್ಪ ಬೆಟ್ಟಕ್ಕೆ ಹೋದ ಮೇಲೆ ನಾನೂ ಫ್ಲೂರೂ ಅಟ್ಟದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಗ ಅವ್ವ ಡೇರೆಯಿಂದ ಇಳಿದು ಬಂದಳು.

ಮಾಸಿದ ಅರಿಶಿಣ ಬಣ್ಣದ ಚೂಡಿದಾರ್, ವೇಲ್ ಇಲ್ಲ. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು. ಬರಿಗಾಲಿಗೆ ಕಲ್ಲು ಚುಚ್ಚುತ್ತಿದ್ದರಿಂದ ಎರಡೂ ಕೈ ಅಗಲಿಸಿ ಓಲಾಡುತ್ತ ಬರುತ್ತಿದ್ದಳು. ಮುಖದಲ್ಲಿ ಮಾತ್ರ ಎಂತಹ ನಗು. ಅವಳು ಹಾಗೆ ನಗುವುದನ್ನು ನಾನು ಹೆಚ್ಚು ನೋಡಿರಲಿಲ್ಲ.

“ನಿನ್ನ ಅಮ್ಮ ಈ ಬಟ್ಟೆಯಲ್ಲೇ ನೀರಿಗೆ ಇಳಿಯುತ್ತಾರಾ?” ಎಂದು ಫ್ಲೂರ್ ಡಚ್ಚಿನಲ್ಲಿ ಕೇಳಿದಳು. ಅದರಲ್ಲಿ ಕುಹಕವೇನೂ ಇರಲಿಲ್ಲ, ಸುಮ್ಮನೆ ಕೇಳಿದಳು. ಆದರೆ ನನ್ನ ಕಿವಿ ಬಿಸಿಯಾಯಿತು. ದಂಡೆಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಪ್ರಾಯಶಃ ಯಾರೂ ನೋಡುತ್ತಿರಲಿಲ್ಲ.

ಅವ್ವ ಪಾದ ಮುಳುಗುವಷ್ಟು ನೀರಿಗೆ ಇಳಿದು ನಿಂತಳು. ನೀರಿನ ಚಳಿಗೆ ಹಾ ಎಂದಳು. ಅಟ್ಟದ ಪಕ್ಕದಲ್ಲೊಂದು ಬೋರ್ಡಿತ್ತು, ನಾಯಿಯ ಚಿತ್ರಕ್ಕೆ ಕೆಂಪು ಗೀಟು ಎಳೆದದ್ದು, ಕೆಳಗೆ ನಾಲ್ಕು ಸಾಲು ಜರ್ಮನ್. ನಿಯಮ ಎಂದರೆ ಅವ್ವನಿಗೆ ಜೀವಭಯ. ಪರ್ಮಿಟ್ ಮೇಲೆ ಬದುಕುವವರು ನಾವು, ಯಾರ ಬಾಯಿಗೂ ಬೀಳಬಾರದು ಎನ್ನುವವಳು. ನಗರಸಭೆಯ ಕಾಗದ, ಶಾಲೆಯ ಚೀಟಿ, ಬಸ್ ಸ್ಟಾಪಿನ ಸೂಚನೆ, ಎಲ್ಲವನ್ನೂ ಅವಳಿಗೆ ಓದಿ ಹೇಳುತ್ತಿದ್ದವಳು ನಾನೇ.

“ಆ ಬೋರ್ಡಿನ್ಯಾಗ ಏನ್ ಬರದಾರ, ಸುಮಿ?”

“ಬಟ್ಟಿ ಹಾಕ್ಕೊಂಡು ನೀರಿಗೆ ಇಳಿಯಂಗಿಲ್ಲ ಅಂತ ಬರದಾರ.”

ನಾನು ಯೋಚಿಸಲೇ ಇಲ್ಲ. ಮಾತು ತಾನಾಗಿ ಬಂದುಬಿಟ್ಟಿತು.

“ನೀ ಪರೀಕ್ಷಾದಾಗ ಬಟ್ಟಿ ಹಾಕ್ಕೊಂಡ ಈಸಿದ್ದೆಲ್ಲ?”

“ಅದು ನೆದರ್ಲ್ಯಾಂಡ್, ಅವ್ವಾ. ಇದು ಬ್ಯಾರೆ ದೇಶ.”

ಅವಳು ಒಂದು ಕ್ಷಣ ಬೋರ್ಡನ್ನು ನೋಡಿದಳು. “ಹಂಗೇನು” ಎಂದು ಹಿಂದಕ್ಕೆ ಬಂದು, ಒದ್ದೆಯಾದ ಅಂಚು ಹಿಂಡಿ, ತನ್ನ ಕಲ್ಲಿನ ಮೇಲೆ ಕೂತು ನನ್ನ ಟವೆಲ್ ಮಡಿಲಿಗೆ ಎಳೆದುಕೊಂಡಳು.

ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅಪ್ಪ ಕೇಳಿದ, “ಯಾಕ, ಇಳೀಲಿಲ್ಲೇನು?”

“ಬಟ್ಟಿ ಹಾಕ್ಕೊಂಡು ಇಳಿಯಂಗಿಲ್ಲಂತ. ಬೋರ್ಡ್ ಐತಿ.”

“ಇರೂದಿಲ್ಲ ತಗಿ. ನಾ ನೋಡಿ ಬರ್ತೀನಿ.” ಅಪ್ಪ ಏಳಲು ಹೊರಟ. ನಾನು ತಟ್ಟೆಯ ಕಡೆ ಬಗ್ಗಿ ಹಿಂಡಿ ಕಲಸತೊಡಗಿದೆ.

“ಸುಮಿ ಓದ್ಯಾಳ, ಕೂಡ್ರಿ,” ಎಂದಳು ಅವ್ವ. ಅಪ್ಪ ಕೂತ.

ಆಮೇಲೂ ನಾವು ಆರೇಳು ಬೇಸಿಗೆ ಅಲ್ಲಿಗೆ ಹೋದೆವು. ಈಜಿನ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಈಜುಡುಗೆ ಹಾಕಿಕೊಳ್ಳುವ ಹೆಂಗಸಲ್ಲ ಅವಳು, ಅದು ನನಗೂ ಗೊತ್ತಿತ್ತು. ಅದಕ್ಕಿಂತ ಹಿಂಸೆಯಾಗುತ್ತಿದ್ದುದು ಬೇರೆ. ಬಾಡ್‌ಹೂವೆಡಾರ್ಪಿನಲ್ಲೋ ಬೇರೆ ಊರಲ್ಲೋ ದೀಪಾವಳಿಗೆ ಕನ್ನಡದವರು ಸೇರಿದಾಗ, ಯಾರಾದರೂ ಆಲ್ಪ್ಸ್‌ಗೆ ಬರುವ ಬೇಸಿಗೆಗೆ ಹೊರಡುತ್ತೇವೆ ಎಂದರೆ, ಅವ್ವ ಕಾಳಜಿಯಿಂದ ಹೇಳುತ್ತಿದ್ದಳು: “ಅಲ್ಲಿ ಬಟ್ಟಿ ಹಾಕ್ಕೊಂಡು ನೀರಿಗೆ ಇಳಿಯಂಗಿಲ್ರಿ, ನೋಡ್ಕೊಂಡು ಹೋಗ್ರಿ.” ಎಷ್ಟು ಹೆಂಗಸರು ನನ್ನ ಸುಳ್ಳನ್ನು ನಂಬಿ ದಂಡೆಯಲ್ಲಿ ಕೂತರೋ. ನಾನು ಪಕ್ಕದ ಕೋಣೆಗೆ ಎದ್ದು ಹೋಗುತ್ತಿದ್ದೆ.

ಅವ್ವ ಹೋಗಿ ಎರಡು ವರ್ಷವಾಯಿತು. ಆಸ್ಪತ್ರೆಯ ಕೊನೆಯ ವಾರಗಳಲ್ಲಿ ಒಮ್ಮೆ, “ಅವ್ವಾ, ಆ ಕೆರೀ ಬೋರ್ಡು” ಎಂದು ಶುರು ಮಾಡಿದೆ. “ಯಾವ ಬೋರ್ಡು?” ಎಂದಳು. “ಏನಿಲ್ಲ ಬಿಡು” ಎಂದೆ. ನನ್ನ ಧೈರ್ಯ ಅಷ್ಟೇ.

ಅವಳ ಬಟ್ಟೆಗಳನ್ನು ವಿಂಗಡಿಸುವಾಗ ಆ ಅರಿಶಿಣ ಬಣ್ಣದ ಚೂಡಿದಾರ್ ಸಿಕ್ಕಿತು. ಅಂದು ನಾನು ಬಣ್ಣವನ್ನಷ್ಟೇ ನೋಡಿದ್ದೆ. ಟಾಪನ್ನು ಸೊಂಟದವರೆಗೆ ಕತ್ತರಿಸಿ ಅಂಚು ಮಡಿಚಿದ್ದಳು. ತೋಳುಗಳ ತುದಿಗೆ, ಪಾದಗಳ ಹತ್ತಿರ, ನೀರು ನುಗ್ಗಿ ಉಬ್ಬಬಾರದೆಂದು ಇಲಾಸ್ಟಿಕ್ ಹಾಕಿ ಎರಡೆರಡು ಸಾಲು ಕೈಹೊಲಿಗೆ ಹಾಕಿದ್ದಳು. ಇಲಾಸ್ಟಿಕ್ ಹಳತಾಗಿ ಪುಡಿಯಾಗಿತ್ತು. ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಅದನ್ನು ಹಿಡಿದುಕೊಂಡು ನಾನು ಬಹಳ ಹೊತ್ತು ಅತ್ತೆ.

ಈ ಬೇಸಿಗೆ ನನ್ನ ಆರು ವರ್ಷದ ಮಗಳು ಇರಾಳನ್ನು ‘ನಮ್ಮ ಕೆರೆ’ಗೆ ಕರೆದುಕೊಂಡು ಹೋದೆ. ಬೆಟ್ಟದ ಮೇಲಿನ ಹಿಮ ಸವೆದು ಒಂದು ಬಿಳಿ ಕಲೆಯಷ್ಟಾಗಿದೆ. ಅಟ್ಟಕ್ಕೆ ಹೊಸ ಹಲಗೆ ಹೊಡೆದಿದ್ದಾರೆ. ಅದರ ತುದಿಯಲ್ಲಿ ನೀರಿಗಿಳಿದು ನಿಂತೆ, ನನ್ನ ಸೊಂಟದವರೆಗೆ ಬಂತು. ಅವ್ವನಿಗೆ ಎದೆಯವರೆಗೆ ಬರುತ್ತಿತ್ತೇನೋ. ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದಿದ್ದರೆ ಒಂದು ಅರ್ಧ ಗಂಟೆ ಸಾಕಿತ್ತು. ಕಾಲು ಬಡಿಯುವುದನ್ನು ಅವಳು ಆಗಲೇ ಕಲಿತಿದ್ದಳು.

ಬೋರ್ಡು ಅಲ್ಲೇ ಇತ್ತು. ಅದರಲ್ಲಿ ಏನು ಬರೆದಿದೆ ಎಂದು ಇರಾ ಡಚ್ಚಿನಲ್ಲಿ ಕೇಳಿದಳು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ.

“ನಾಯಿ ಬಿಡಬಾರ್ದು. ಗಾಜಿನ ಬಾಟ್ಲಿ ತರಬಾರ್ದು. ಸಣ್ಣ ಮಕ್ಕಳ ಮ್ಯಾಲ ದೊಡ್ಡವರು ಕಣ್ಣಿಡಬೇಕು. ಅಷ್ಟ.”

ನಮ್ಮ ಮನೆಯ ಆಲ್ಬಮ್ಮು ಅವಳಿಗೆ ಬಾಯಿಪಾಠ. ಆ ಫೋಟೋಗಳಲ್ಲಿ ಅಜ್ಜಿ ಯಾಕೆ ಯಾವಾಗಲೂ ಕಲ್ಲಿನ ಮೇಲೇ ಕೂತಿರುತ್ತಾಳೆ ಎಂದು ಮತ್ತೆ ಡಚ್ಚಿನಲ್ಲೇ ಕೇಳಿದಳು.

“ನಾ ಆಕಿಗೆ ಸುಳ್ಳು ಓದಿ ಹೇಳಿದ್ದೆ,” ಎಂದೆ.

ಇಷ್ಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಅವಳಿಗೆ ಅಷ್ಟು ಕನ್ನಡ ತಿಳಿಯುವುದಿಲ್ಲ. ತಲೆ ಆಡಿಸಿ ಅಟ್ಟದ ಕಡೆ ಓಡಿದಳು. ನಾನು ಅವಳ ಟವೆಲ್ ಎತ್ತಿಕೊಂಡು ಅವ್ವನ ಕಲ್ಲಿನ ಮೇಲೆ ಕೂತೆ.