ತಟ್ಟೆ ಕೊಡದ ಹುಲಿಗೆಮ್ಮ

ಬೆಳಗಿನ ಐದೂವರೆ. ಸಾಗರದ ಹೆಣ್ಣುಮಕ್ಕಳ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಹುಲಿಗೆಮ್ಮ ಎಂಟು ಕಿಲೋ ಅಕ್ಕಿಯ ಅನ್ನವನ್ನು ಆರಲು ಹರಡುತ್ತಿದ್ದಾರೆ. ಭಾನುವಾರ, ಚಿತ್ರಾನ್ನದ ದಿನ. ಒಗ್ಗರಣೆಯ ಘಾಟಿಗೆ ನಾನು ಕೆಮ್ಮುತ್ತಾ ಹೊರಗೆ ಓಡುತ್ತೇನೆ. ಅವರಿಗೆ ಒಂದು ಸೀನೂ ಬರುವುದಿಲ್ಲ. "ಪೇಪರ್‌ನೋರು ಇಷ್ಟಕ್ಕೇ ಓಡಿದ್ರೆ ಹೆಂಗೆ? ಬನ್ನಿ ಒಳಗೆ, ಏನಾಗಲ್ಲ" ಎಂದು ನಗುತ್ತಾರೆ.

ಗೋಡೆಯ ಕಬ್ಬಿಣದ ಸ್ಟ್ಯಾಂಡಿನಲ್ಲಿ ಐವತ್ತು ಸ್ಟೀಲ್ ತಟ್ಟೆಗಳು, ಜಾಗ ಸಾಲದೆ ಕಿಟಕಿ ಕಟ್ಟೆಯ ಮೇಲೆ ಇನ್ನೂ ಹದಿನಾಲ್ಕು. ಇಲ್ಲಿ ಸೇರುವವರು ಮನೆಯಿಂದಲೇ ತಟ್ಟೆ ತರಬೇಕು, ಅಂಚಿನಲ್ಲಿ ಹೆಸರು ಕೊರೆಸಿರಬೇಕು. ತಟ್ಟೆ ಅರವತ್ನಾಲ್ಕು, ಹುಡುಗಿಯರು ಈಗ ಅರವತ್ಮೂರು. ಸ್ಟ್ಯಾಂಡಿನ ಮೂರನೇ ಸಾಲಿನ ಒಂದು ತಟ್ಟೆಯ ಮೇಲೆ 'ಮಂಜುಶ್ರೀ ಯು., ಅರಳಸುರಳಿ' ಎಂದಿದೆ. ಬಿ.ಎಸ್ಸಿ. ಕೊನೆಯ ವರ್ಷದ ಈ ಹುಡುಗಿ ದಸರಾ ರಜೆಗೆ ಊರಿಗೆ ಹೋದವಳು ವಾಪಸ್ ಬಂದಿಲ್ಲ. ಪರೀಕ್ಷೆಯ ಅರ್ಜಿ ತುಂಬಲು ನಾಡಿದ್ದು ಮಂಗಳವಾರ ಕೊನೆಯ ದಿನ. ಆ ತಟ್ಟೆಯನ್ನೂ ಹುಲಿಗೆಮ್ಮ ದಿನಾ ತೊಳೆಯುತ್ತಾರೆ. "ಧೂಳು ಕೂತ್ರೆ ಹೋದವಳ ತಟ್ಟೆ ಅನ್ನಿಸಿಬಿಡುತ್ತೆ."

ಹುಲಿಗೆಮ್ಮನಿಗೆ ಐವತ್ನಾಲ್ಕು ವರ್ಷ. ಹುಟ್ಟಿದ್ದು ಹೊಸನಗರದ ಕಡೆ, ಓದಿದ್ದು ನಾಲ್ಕನೇ ಕ್ಲಾಸು. ಗಂಡ ತೀರಿಕೊಂಡ ಮೇಲೆ ಪಾತ್ರೆ ತೊಳೆಯಲು ಬಂದರು, ಮೂರನೇ ವರ್ಷಕ್ಕೆ ಸೌಟು ಹಿಡಿದರು. ಒಟ್ಟು ಇಪ್ಪತ್ತಾರು ವರ್ಷವಾಯಿತು. ದಿನಕ್ಕೆ ಹನ್ನೆರಡು ತೆಂಗಿನಕಾಯಿ ತುರಿಯುತ್ತಾರೆ, ವಾರಕ್ಕೆರಡು ಸಲ ಇನ್ನೂರು ಚಪಾತಿ ಲಟ್ಟಿಸುತ್ತಾರೆ. ಬಲಗೈ ಮಣಿಕಟ್ಟು ಊದಿಕೊಂಡೇ ಇರುತ್ತದೆ. ಡಾಕ್ಟರು ಹದಿನೈದು ದಿನ ಕೈಗೆ ಕೆಲಸ ಕೊಡಬೇಡಿ ಎಂದಿದ್ದಾರಂತೆ. "ಎಡಗೈಲಿ ಲಟ್ಟಿಸಿದ ಚಪಾತಿ ಯಾರು ತಿಂತಾರೆ?" ಎಂದು ನನ್ನನ್ನೇ ಕೇಳುತ್ತಾರೆ.

ನಾನು ಬಂದದ್ದು ಬೇರೆ ಲೆಕ್ಕ ಹಿಡಿದು. ಒಂದು ದೇಶದ ಮಗು ಮುಂದೆ ಸರಾಸರಿ ಎಷ್ಟು ವರ್ಷ ಕಾಲೇಜು ಓದೀತು ಎಂದು ಅಂದಾಜು ಮಾಡುವ ಅಂಕಿಯೊಂದಿದೆ. ಕಾಲೇಜಿನ ಮೆಟ್ಟಿಲೇ ಹತ್ತದವರನ್ನೂ ಸೇರಿಸಿ ಹಂಚುವುದರಿಂದ ಅದು ಸಣ್ಣದು, ಅರ್ಧ, ಮುಕ್ಕಾಲು, ಒಂದೂಕಾಲು ಹೀಗೆ. ಹಲವು ದಶಕಗಳ ಗೆರೆ ನೋಡಿದರೆ ಅದು ಮೇಲಕ್ಕೇ ಹೋಗುತ್ತಿದೆ. ಇದನ್ನು ಹುಲಿಗೆಮ್ಮನಿಗೆ ಬಿಡಿಸಿ ಹೇಳಿ, ಅರ್ಧ ವರ್ಷ ಓದುವ ಹುಡುಗಿ ನಿಜವಾಗಿ ಎಲ್ಲೂ ಇರುವುದಿಲ್ಲ, ಅದು ಬರೀ ಲೆಕ್ಕ ಎಂದೆ. ಅವರು ತುರಿಯುವುದನ್ನು ನಿಲ್ಲಿಸಿದರು.

"ಯಾಕಿಲ್ಲ ಸ್ವಾಮಿ? ಅರ್ಧ ವರ್ಷ ಅಂದ್ರೆ ದಸರಾಕ್ಕೆ ಊರಿಗೆ ಹೋದವಳು. ಬೇಕಾದಷ್ಟು ಜನ ಇದ್ರು."

ನನ್ನ ಗ್ರಾಫು ಅಲ್ಲಿಗೇ ಚೀಲ ಸೇರಿತು. ಅವರ ಲೆಕ್ಕವೇ ಬೇರೆ. ಅವರು ಬಂದ ಹೊಸತರಲ್ಲಿ ಒಂದು ತಟ್ಟೆ ಹೆಚ್ಚೆಂದರೆ ಒಂದು ವರ್ಷ ಇರುತ್ತಿತ್ತು, ಆಮೇಲಾಮೇಲೆ ಎರಡಾಯಿತು. ಈಗ ಮೂರು ವರ್ಷ ಗ್ಯಾರಂಟಿ, ಬಿ.ಎಡ್. ಸೇರಿದವರದ್ದು ಐದು. ಐದು ವರ್ಷದ ತಟ್ಟೆಯೊಂದನ್ನು ತೆಗೆದು ತೋರಿಸುತ್ತಾರೆ. ಉಜ್ಜಿ ಉಜ್ಜಿ ಅದರ ಹೆಸರು ಅರ್ಧ ಅಳಿಸಿದೆ.

ಇವರ ಕೈಯಿಂದಲೂ ಒಂದು ತಪ್ಪಾಗಿದೆ. ಇಪ್ಪತ್ತು ವರ್ಷದ ಹಿಂದೆ ಅನ್ನಪೂರ್ಣೇಶ್ವರಿ ಎಂಬ ಹುಡುಗಿ ಇಲ್ಲಿದ್ದಳು. ಅಷ್ಟುದ್ದದ ಹೆಸರು ತಟ್ಟೆಯ ಅರ್ಧ ಅಂಚು ಸುತ್ತಿತ್ತು. ಅವಳು ಊರಿಗೆ ಹೋಗಿದ್ದಾಗ ತಂದೆ ಬಂದು ಸಾಮಾನು ಕೇಳಿದರು. ಹುಲಿಗೆಮ್ಮ ತಟ್ಟೆ ತೊಳೆದು, ಒರೆಸಿ, ಪೇಪರಿನಲ್ಲಿ ಸುತ್ತಿ ಕೊಟ್ಟರು. ಬರಿ ತಟ್ಟೆ ಕೊಡಬಾರದೆಂದು ಮೇಲೊಂದು ಹಿಡಿ ಅವಲಕ್ಕಿ ಬೇರೆ. ಎಷ್ಟೋ ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಸಿಕ್ಕಿದಳು.

"ಅಕ್ಕಾ, ತಟ್ಟೆ ಮನೆಗೆ ಬಂದಿದ್ದು ನೋಡಿದ ಮೇಲೇ ನಂಗೆ ಗೊತ್ತಾಗಿದ್ದು, ನನ್ನ ಓದು ಮುಗೀತು ಅಂತ" ಎಂದಳಂತೆ. ಇದನ್ನು ಹೇಳುವಾಗ ಹುಲಿಗೆಮ್ಮ ಕಣ್ಣೊರೆಸಿಕೊಳ್ಳುತ್ತಾರೆ. ಈರುಳ್ಳಿ ನೆಪ ಹೇಳುವುದಿಲ್ಲ.

ಅವತ್ತಿನಿಂದ ಒಂದು ನಿಯಮ. ಟ್ರಂಕು, ಹಾಸಿಗೆ ಯಾರು ಬೇಕಾದರೂ ಒಯ್ಯಲಿ, ತಟ್ಟೆ ಮಾತ್ರ ಹುಡುಗಿಯ ಕೈಗೇ. ಹೆಸರು ಹಾಕಿಸಿದ ಪಾತ್ರೆಯನ್ನು ಈ ಕಡೆಯ ಯಾವ ಮನೆಯವರೂ ಬೇರೆಡೆ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತು. ಒಂದಲ್ಲ ಒಂದು ದಿನ ಹುಡುಗಿಯನ್ನು ಕಳಿಸಲೇಬೇಕು. ಬಂದವಳಿಗೆ ಅದೇ ತಟ್ಟೆಯಲ್ಲಿ ಊಟ ಹಾಕುತ್ತಾರೆ. ಹೀಗೆ ಇಪ್ಪತ್ಮೂರು ಮಂದಿ ತಟ್ಟೆಗೆಂದು ಬಂದಿದ್ದಾರೆ, ಅವರಲ್ಲಿ ಹದಿನಾರು ಮಂದಿ ಓದಲು ಉಳಿದಿದ್ದಾರೆ. ವಾರ್ಡನ್ ಸ್ವಪ್ನಾ ಅವರಿಗೆ ಇದು ಒಪ್ಪಿಗೆಯಿಲ್ಲ. "ಸಾಮಾನು ಹಿಡಿದಿಟ್ಕೊಳ್ಳೋ ಅಧಿಕಾರ ನಮಗಿಲ್ಲ" ಎನ್ನುತ್ತಾರೆ. ಹಾಗೆಂದು ತಟ್ಟೆ ತೆಗೆದುಕೊಡಲು ಅವರೂ ಯಾವತ್ತೂ ಅಡುಗೆಮನೆಗೆ ಬಂದವರಲ್ಲ.

ಮಂಜುಶ್ರೀಯ ತಂದೆ ಉಮೇಶ್ ಹೋದ ಗುರುವಾರ ಬಂದು ಹಾಸಿಗೆ, ಟ್ರಂಕು ಒಯ್ದಿದ್ದಾರೆ. ಅವರ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಾರೆ, ನೋಡಿಕೊಳ್ಳಲು ಮಗಳು ಬೇಕು. ತಟ್ಟೆ ಕೇಳಿದಾಗ ಹುಲಿಗೆಮ್ಮ, ಉಗ್ರಾಣಕ್ಕೆ ಬೀಗ ಬಿದ್ದಿದೆ, ಭಾನುವಾರ ಮಗಳನ್ನೇ ಕರೆದುಕೊಂಡು ಬನ್ನಿ ಎಂದರಂತೆ. "ಸುಳ್ಳೇ, ಇಲ್ಲ ಅನ್ನಲ್ಲ. ತಟ್ಟೆ ಅವರ ಕಣ್ಣೆದುರಿಗೇ ಇತ್ತು."

ಹತ್ತು ಗಂಟೆಗೆ ಉಮೇಶ್ ಗೇಟು ತೆಗೆಯುತ್ತಾರೆ. ಹಿಂದೆ ಮಂಜುಶ್ರೀ, ಕೈಯಲ್ಲಿ ಖಾಲಿ ಬಟ್ಟೆಚೀಲ.

"ತಟ್ಟೆ ಕೊಟ್ಬಿಡಿ ಅಕ್ಕ. ಅಮ್ಮ ಕೊಡ್ಸಿದ್ದು ಅದು. ಬಿಟ್ಟು ಬಂದ್ಯಾ ಅಂತ ಮಲಗಿದಲ್ಲಿಂದಲೇ ಬಯ್ತಾ ಇದಾರೆ" ಎನ್ನುತ್ತಾರೆ ಉಮೇಶ್.

"ಕೊಡ್ತೀನಿ ಉಮೇಶಣ್ಣ. ಮೊದ್ಲು ತಿಂಡಿ ತಿನ್ನಿ. ಬಾ ಮಗಾ, ಕೂತ್ಕೋ."

ಹುಡುಗಿಗೆ ಅವಳ ತಟ್ಟೆಯಲ್ಲೇ ಚಿತ್ರಾನ್ನ ಬರುತ್ತದೆ. ಎರಡು ತುತ್ತು ತಿಂದು, ತಲೆ ಎತ್ತದೆ ಹೇಳುತ್ತಾಳೆ: "ಅಪ್ಪಾ, ಪರೀಕ್ಷೆ ಮುಗಿಯೋ ತನಕ ಅಜ್ಜಿ ಹತ್ರ ಬಂದಿರ್ತೀನಿ ಅಂತ ರಿಪ್ಪನ್‌ಪೇಟೆ ಅತ್ತೆ ಫೋನ್ ಮಾಡಿದ್ರಲ್ಲ. ನೀವೇ ಬೇಡ ಅಂದ್ರಿ."

"ಮದುವೆ ಮಾಡಿ ಕೊಟ್ಟ ತಂಗಿನ ಚಾಕರಿಗೆ ಕರೆಯೋದು ಹೆಂಗೆ?"

"ಅವ್ರಿಗೂ ಅಮ್ಮನೇ ಅಲ್ವಾ ಉಮೇಶಣ್ಣ?" ಎಂದಷ್ಟೇ ಹೇಳಿ ಹುಲಿಗೆಮ್ಮ ಚಹಾ ಸೋಸಲು ತಿರುಗುತ್ತಾರೆ.

ಮಂಜುಶ್ರೀ ತಿಂದು ಮುಗಿಸುತ್ತಾಳೆ. ತಟ್ಟೆ ತೊಳೆದು, ನೀರು ಝಾಡಿಸಿ, ಹಿಡಿದುಕೊಂಡು ನಿಲ್ಲುತ್ತಾಳೆ. ಚೀಲ ಬೆಂಚಿನ ಮೇಲಿದೆ. ಅದನ್ನು ಮುಟ್ಟದೆ ನೇರ ಹೋಗಿ ಮೂರನೇ ಸಾಲಿನ ಜಾಗದಲ್ಲಿ ತಟ್ಟೆ ನಿಲ್ಲಿಸುತ್ತಾಳೆ. ಉಮೇಶ್ ಅದನ್ನು ನೋಡುತ್ತಾರೆ. ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಖಾಲಿ ಚೀಲವನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಹಾಸಿಗೆ ನಾಳೆ ಮೊದಲನೇ ಬಸ್ಸಿಗೆ ಹಾಕಿ ಕಳಿಸ್ತೀನಿ" ಎನ್ನುತ್ತಾರೆ.

ಹುಲಿಗೆಮ್ಮ ಆಗಲೇ ಮಧ್ಯಾಹ್ನದ ಅಕ್ಕಿ ತೊಳೆಯಲು ಕೂತಿದ್ದಾರೆ. ನಿಮಗೇನು ಬೇಕು, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. ಕಿಟಕಿ ಕಟ್ಟೆಯ ಮೇಲಿನ ಹದಿನಾಲ್ಕು ತಟ್ಟೆಗಳ ಕಡೆ ನೋಡಿದರು.

"ಒಂದು ದೊಡ್ಡ ಸ್ಟ್ಯಾಂಡು ಮಾಡ್ಸಿ ಕೊಡ್ಲಿ ಅಂತ ಬರೀರಿ. ಮೊದ್ಲೆಲ್ಲ ಸಂಕ್ರಾಂತಿ ಹೊತ್ತಿಗೆ ಇದು ಅರ್ಧ ಖಾಲಿ ಆಗಿರೋದು. ಈಗ ಒಂದು ತಟ್ಟೆನೂ ಹೋಗೋದಿಲ್ಲ ನೋಡಿ."